ನಾಮಿನಿಯ ಹೆಸರು ‘ಮನ್ಯಾವ್ರು’

ತಪ್ಪು ಬ್ಯಾಂಕಿನದು; ಅದರ ಭಾರ ಹೊತ್ತವಳು ಶಿಗ್ಗಾವಿಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಹೆಂಗಸು. ಹಿಟ್ಟು ನಾದುವ ಯಂತ್ರಕ್ಕೆಂದು ಅವಳು ಸಾಲ ತೆಗೆದಳು. ಅವಳು ಕೇಳದೇ ಇದ್ದ ವಿಮೆಯೊಂದರ ಕಂತನ್ನು ಆ ಸಾಲದಿಂದಲೇ ಮುರಿದುಕೊಂಡರು. ಉಳಿದ ಹಣಕ್ಕೆ ಬಂದದ್ದು ಯಾರೋ ಬಳಸಿ ಬಿಟ್ಟ ಯಂತ್ರ. ಅದು ಎರಡು ದಿನ ನಾದಿದರೆ ಮೂರನೆಯ ದಿನ ನಿಲ್ಲುತ್ತಿತ್ತು. ನಿಂತ ದಿನ ಅವಳೇ ನಾದುತ್ತಿದ್ದಳು. ಸಂಜೆಯ ಹೊತ್ತಿಗೆ ಬಾತುಕೊಂಡಿರುತ್ತಿದ್ದ ಅವಳ ಮಣಿಕಟ್ಟನ್ನು ನಾನು ನೋಡಿದ್ದೇನೆ.

ಹಾನಗಲ್ಲಿನಿಂದ ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಿಗೆ ಬಸ್ಸಿನಲ್ಲಿ ಓಡಾಡುತ್ತ ಇಂಥ ದೂರುಗಳನ್ನು ಬರೆದುಕೊಡುವುದು ಆಗ ನನ್ನ ಕೆಲಸವಾಗಿತ್ತು. ಪ್ರಶ್ನೆ ಕೇಳಿದ ಮಕ್ಕಳನ್ನು ಗದರದೆ ಮುಂದಿನ ಸಾಲಿಗೆ ಕರೆದು ಕೂರಿಸುತ್ತಿದ್ದ ಶಾಲೆಯಲ್ಲಿ ಓದಿದ ನನಗೆ, ಅನ್ಯಾಯವನ್ನು ಅದರ ಹೆಸರಿನಿಂದಲೇ ಕರೆಯಬೇಕೆಂಬ ಹಟ. ಆದ್ದರಿಂದ ಹೇಳುತ್ತೇನೆ: ವಿಮೆ ಮಾಡಿಸದಿದ್ದರೆ ಸಾಲವಿಲ್ಲ ಎಂದದ್ದು ಸುಳ್ಳು. ಸಹಿ ಹಾಕಿಸಿಕೊಂಡು ಅರ್ಜಿಯ ಪ್ರತಿ ಕೊಡದೇ ಇದ್ದದ್ದು ವಂಚನೆ. ಕನ್ನಡ ಬಾರದ ನೌಕರನನ್ನು ಕೌಂಟರಿನಲ್ಲಿ ಕೂರಿಸಿ, ಕನ್ನಡವೊಂದೇ ಬಲ್ಲ ಹೆಂಗಸರ ಅರ್ಜಿ ತುಂಬಿಸಿದ್ದು ಇಬ್ಬರಿಗೂ ಮಾಡಿದ ಅನ್ಯಾಯ.

ನಮ್ಮ ಮೊದಲ ದೂರಿಗೆ ಬ್ಯಾಂಕು ಕೊಟ್ಟ ಉತ್ತರ ಚಿಕ್ಕದಾಗಿತ್ತು. ‘ಎಲ್ಲವನ್ನೂ ನನಗೆ ಕನ್ನಡದಲ್ಲಿ ಓದಿ ಹೇಳಲಾಗಿದೆ’ ಎಂಬ ಸಾಲಿನ ಕೆಳಗೆ ಅರ್ಜಿದಾರಳ ಸಹಿ ಇದೆ, ಆದ್ದರಿಂದ ಹಣ ಮರಳಿಸಲು ಬರುವುದಿಲ್ಲ. ಸಹಿ ಅವಳದೇ, ನಿಜ. ಆದರೂ ಬಿಡದೆ ಅರ್ಜಿಯ ಪ್ರತಿ ತರಿಸಿಕೊಂಡು, ಅವಳ ಒಲೆಯ ಮುಂದೆ ಕುಳಿತು ಓದಿದೆ. ಅವಳಿಗೇನಾದರೂ ಆದರೆ ವಿಮೆಯ ಹಣ ಪಡೆಯಬೇಕಾದ ನಾಮಿನಿಯ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಮನ್ಯಾವ್ರು’ ಎಂದು ಬರೆದಿತ್ತು. ಸಂಬಂಧ: ಗಂಡ.

ಇದೇನಿದು ಎಂದು ಕೇಳಿದೆ.

“ಗಂಡನ ಹೆಸರು ಅಂತ ಕೇಳಿದಾ ರೀ ಕೌಂಟರಿನಾಂವ. ಅವಗ ಬರತಿದ್ದ ಕನ್ನಡ ಅಷ್ಟ. ನಮ್ಮ ಮನ್ಯಾವ್ರು ಅಂದೆ. ಬರಕೊಂಡಾ.”

ಗಂಡನ ಹೆಸರನ್ನು ಬಾಯಲ್ಲಿ ಹೇಳದೆ ‘ಮನ್ಯಾವ್ರು’, ಅಂದರೆ ಮನೆಯವರು, ಎನ್ನುವುದು ಇಲ್ಲಿನ ಹೆಂಗಸರ ರೂಢಿ. ಆ ರೂಢಿ ಹೆಣ್ಣಿಗೆ ಮಾಡುವ ಅವಮಾನವನ್ನು ನಾನು ಅಲ್ಲೇ ವಿವರಿಸತೊಡಗಿದೆ. ಅವಳು ರೊಟ್ಟಿ ತಿರುವಿ ಹಾಕುತ್ತ ಕೇಳಿಸಿಕೊಂಡಳು. ರೊಟ್ಟಿಗಳನ್ನು ಎಣಿಸಿ ಕಟ್ಟುತ್ತಿದ್ದ ಗಂಡ ತಲೆಯೆತ್ತದೆ ಅಂದ: “ನನ್ನ ಹೆಸರು ಆಕಿಗೆ ನೆನಪರ ಐತೇನ ಕೇಳ್ರಿ ಅಕ್ಕಾರ.”

ಅವಳು ನಗು ತಡೆದುಕೊಂಡು, ಆ ಕಾಗದವನ್ನು ಒಮ್ಮೆ ಜೋರಾಗಿ ಓದಿ ಎಂದಳು. ಓದಿದೆ. ‘ನಾಮಿನಿ, ಮನ್ಯಾವ್ರು’ ಎಂಬಲ್ಲಿಗೆ ಬಂದಾಗ ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: “ಅವತ್ತ ಬ್ಯಾಂಕಿನ್ಯಾಗ ಹಿಂಗ ಓದಿದ್ರ ನಾ ಅಲ್ಲೇ ನಗತಿದ್ನಲ್ರಿ.”

ನನ್ನ ಉಪನ್ಯಾಸ ಅಲ್ಲಿಗೆ ನಿಂತಿತು. ನಾನು ತಿದ್ದಲು ಹೊರಟಿದ್ದ ರೂಢಿಯೇ ಬ್ಯಾಂಕಿನ ಸುಳ್ಳನ್ನು ಹಿಡಿದುಕೊಟ್ಟಿತ್ತು. ಕನ್ನಡದಲ್ಲಿ ಒಂದೇ ಒಂದು ಸಲ ಓದಿದ್ದರೂ ಆ ಹೆಸರು ಕಾಗದದಲ್ಲಿ ಉಳಿಯುತ್ತಿರಲಿಲ್ಲ.

ಅದೇ ಬ್ಯಾಂಕಿನ ಉಳಿದ ಶಾಖೆಗಳ ಅರ್ಜಿಗಳನ್ನೂ ತರಿಸಿದೆವು. ಹಾನಗಲ್ಲಿನಲ್ಲಿ ಮನ್ಯಾವ್ರು. ಸವಣೂರಿನಲ್ಲಿ ಮನ್ಯಾವ್ರು. ಹಿರೇಕೆರೂರಿನಲ್ಲೂ ಮನ್ಯಾವ್ರು, ಅಲ್ಲಿನ ಒಬ್ಬಾಕೆಯ ನಾಮಿನಿ ಮಾತ್ರ ‘ನಮ್ಮ ಹುಡುಗೂರ ಅಪ್ಪ’.

ಬ್ಯಾಂಕಿನ ಮೇಲಧಿಕಾರಿ ಶಿಗ್ಗಾವಿಯ ಶಾಖೆಗೆ ಬಂದು ವಿಚಾರಣೆ ನಡೆಸಿದರು. ಪ್ರತಿಯೊಂದನ್ನೂ ಓದಿ ಹೇಳಿದ್ದೇವೆ ಎಂದು ಮ್ಯಾನೇಜರರು ವಾದಿಸಿದರು. ನಾನು ನಾಲ್ಕು ಊರಿನ ಅರ್ಜಿಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದೆ. ನಮ್ಮ ಸೀಮೆಯವರೇ ಆಗಿದ್ದ ಅಧಿಕಾರಿ ಒಂದೊಂದನ್ನೇ ನೋಡಿ, ಕನ್ನಡಕ ತೆಗೆದರು.

“ನಾಕೂ ತಾಲೂಕಿಗೆ ಒಬ್ಬಾವನೇ ಗಂಡ ಏನ್ರಿ, ಮ್ಯಾನೇಜರ?”

ಹಿಂದೆ ಕುಳಿತಿದ್ದ ಹೆಂಗಸರೆಲ್ಲ ನಕ್ಕುಬಿಟ್ಟರು. ಮ್ಯಾನೇಜರರ ವಾದ ಆ ನಗೆಯಲ್ಲಿ ಮುಗಿಯಿತು. ಕಂತು ಬಡ್ಡಿಸಮೇತ ಮರಳಬೇಕೆಂದು ಅಧಿಕಾರಿ ಅಲ್ಲೇ ಬರೆದರು. ಆದರೆ ದಾಖಲೆ ತಿದ್ದಲು ಗಂಡನ ನಿಜವಾದ ಹೆಸರು ಬೇಕು ಎಂದರು. ಆಧಾರ್ ಕಾರ್ಡು ತೋರಿಸಿದರೆ ಸಾಕಿತ್ತು. ರೊಟ್ಟಿಯವಳು ತೋರಿಸಲಿಲ್ಲ, ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಮದುವೆಯ ಮನೆಯಲ್ಲಿ ಹೊಸ ಸೊಸೆಯನ್ನು ಬಾಗಿಲಲ್ಲಿ ತಡೆದಾಗ ಪದ ಕಟ್ಟಿ ಗಂಡನ ಹೆಸರು ಹೇಳುವ ಒಡಪು ನಮ್ಮಲ್ಲುಂಟು. ಅವಳು ಬ್ಯಾಂಕಿನಲ್ಲಿ ಒಡಪು ಹಾಕಿದಳು:

“ಸವಣೂರ ಎಲಿಗೆ ಹಚ್ಚೇನಿ ಸುಣ್ಣ,
ಓದದ ಕಾಗದಕ ಬಳದಾರ ಬಣ್ಣ,
ಸುಳ್ಳಿಗೆ ಸಹಿ ಹಾಕಾಕಿ ಇನ್ನ ನಾನಲ್ಲ,
ನಮ್ಮವರ ಹೆಸರ ಹೇಳ್ತೇನಿ, ಕೇಳ್ರಿ ಎಲ್ಲಾ.”

ಆಮೇಲೆ ಹೆಸರು ಹೇಳಿದಳು. ಅದು ಅವಳು ಹೇಳಬೇಕಾದ ಹೆಸರು, ನಾನು ಬರೆಯುವುದಿಲ್ಲ. ಬಾಗಿಲ ಬಳಿ ನಿಂತಿದ್ದ ಗಂಡ ಕಿವಿಯವರೆಗೂ ಕೆಂಪಾದ.

ಹಣ ಬಂತು. ಹೊಸ ಯಂತ್ರವೂ ಬಂತು. ಮೂರನೆಯ ದಿನವೂ ಅದು ನಿಲ್ಲಲಿಲ್ಲ. ಅರ್ಜಿ ತರಿಸಿದ್ದ ಉಳಿದ ಹೆಂಗಸರಿಗೂ ಕಂತು ಮರಳಿತು. ದೂರು ಕೊಡದವರು ಇನ್ನೂ ಇದ್ದಾರೆ. ಅವರ ಅರ್ಜಿಗಳು ನಿಮ್ಮ ಕಪಾಟಿನಲ್ಲಿವೆ.

ಆದ್ದರಿಂದ ಆ ಬ್ಯಾಂಕನ್ನು ನಡೆಸುವವರೇ, ನನ್ನ ಬೇಡಿಕೆ ಇಷ್ಟು: ‘ಮನ್ಯಾವ್ರು’ ಎಂದು ಬರೆದಿರುವ ಪ್ರತಿಯೊಂದು ಅರ್ಜಿಯನ್ನೂ ನೀವೇ ಹುಡುಕಿ ತೆಗೆಯಿರಿ. ಆ ಹೆಂಗಸರನ್ನು ಶಾಖೆಗೆ ಅಲೆಸದೆ, ಒಂದು ತಿಂಗಳೊಳಗೆ ಕಂತನ್ನು ಬಡ್ಡಿಸಮೇತ ಅವರ ಖಾತೆಗೆ ಮರಳಿಸಿ. ಜೊತೆಗೊಂದು ಕ್ಷಮಾಪಣೆಯ ಪತ್ರ ಕಳಿಸಿ. ಅದು ಕನ್ನಡದಲ್ಲಿರಲಿ, ಮತ್ತು ಕಳಿಸುವ ಮೊದಲು ನಿಮ್ಮಲ್ಲಿ ಒಬ್ಬರಾದರೂ ಅದನ್ನು ಜೋರಾಗಿ ಓದಿ ನೋಡಿ.