ಮಾರೆವ್ವನ ಕೌದಿ ಬಿಚ್ಚಿಸಿದ ಶೈಲಶ್ರೀ

ಶೈಲಶ್ರೀ ನನ್ನ ವಿದ್ಯಾರ್ಥಿನಿ. ಈಗ ಕುಕನೂರಿನ ಒಂದು ಮಹಿಳಾ ಸಂಘದಲ್ಲಿದ್ದಾಳೆ. ಮನೆಯಲ್ಲಿ ಪಾಲು ಸಿಗದ ಹೆಂಗಸರಿಗೆ ಅರ್ಜಿ ಬರೆದುಕೊಡುತ್ತಾಳೆ. ಹಾಗೆಯೇ ಊರೂರು ತಿರುಗಿ ಮುದುಕಿಯರ ಬಾಳಿನ ಕಥೆಗಳನ್ನು ಬರೆದಿಡುತ್ತಾಳೆ. “ನಿಮ್ಮ ಇತಿಹಾಸ ಹೇಳ್ರಿ” ಎಂದರೆ, “ನಂದೇನೈತವ್ವ, ಒಲಿ ಊದಿದ್ದಾತು” ಎಂದು ಎದ್ದುಹೋಗುತ್ತಾರಂತೆ. ಅದಕ್ಕೇ ಅವರ ಕೌದಿ ಬಿಚ್ಚಿಸಿ, “ಈ ತುಂಡು ಯಾರ ಸೀರೀದು?” ಎಂದು ಕೇಳುತ್ತಾಳೆ. ಮನೆಮಂದಿಯ ಹಳೆಯ ಬಟ್ಟೆಗಳಿಂದಲೇ ಹೊಲಿದ ಹೊದಿಕೆಯಲ್ಲವೆ? ಮಾತು ತಾನೇ ಬರುತ್ತದೆ.

“ಕೌದಿ ಇತಿಹಾಸ ಹೆಂಗಾಗತೈತವ್ವ?” ಎಂದು ನಾನು ನಕ್ಕಿದ್ದೆ. ಮೂವತ್ತು ವರ್ಷ ಇತಿಹಾಸ ಕಲಿಸಿದವನು ನಾನು.

ಹೋದ ವರ್ಷ ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯ ಸಣ್ಣವ್ವ ಅವಳ ಬಳಿ ಬಂದಳು. ಗಂಡ ತೀರಿಕೊಂಡಿದ್ದ. “ಮಾಳಿಗಿ ಮನಿ ನಾ ಒಬ್ಬಾಂವ ಕಟ್ಟೀನಿ” ಎಂದು ಮೈದುನ ಬಾಲಪ್ಪ ಅವಳನ್ನೂ ಮಗಳನ್ನೂ ಹೊರಹಾಕಲು ನಿಂತಿದ್ದ. ಶೈಲಶ್ರೀ ಅರ್ಜಿಯನ್ನೇನೋ ಬರೆದಳು, ಸಾಕ್ಷಿ ಹೇಳುವವರು ಸಿಗಲಿಲ್ಲ. ಅತ್ತೆ ಮಾರೆವ್ವ ಬಾಲಪ್ಪನ ಆಸರೆಯಲ್ಲಿದ್ದವಳು, ಬಾಯಿ ಬಿಡಲಿಲ್ಲ.

ಆ ಊರಿನ ಶಾಲೆಯಲ್ಲಿ ಶೈಲಶ್ರೀ ಕೌದಿಗಳ ಪ್ರದರ್ಶನ ನಡೆಸಿದಾಗ ನನ್ನನ್ನೂ ಕರೆದಿದ್ದಳು. ಮಾರೆವ್ವನೂ ತನ್ನ ಕೌದಿ ತಂದಳು. ಶೈಲಶ್ರೀ ಮನೆಯ ಮಾತನ್ನು ಎತ್ತಲೇ ಇಲ್ಲ. ಎಲ್ಲರನ್ನೂ ಕೇಳಿದಂತೆ, “ಯವ್ವಾ, ಈ ಕೆಂಪಂದು ಯಾರದು?” ಎಂದಳು.

ಮುದುಕಿ ಆ ತುಂಡನ್ನು ಸವರಿದಳು. “ತೀರಿಕೊಂಡ ನನ್ನ ಹಿರೇ ಮಗಂದು ರುಮಾಲ. ಮನಿ ಕಟ್ಟೂವಾಗ ಮಾಳಿಗಿಗೆ ಮಣ್ಣು ಹೊರೂಮುಂದ ತಲಿಮ್ಯಾಲ ಸಿಂಬಿ ಮಾಡಿ ಮಾಡಿ ಹರೀತು. ಈ ಹಸರಂದು ಸಣ್ಣವ್ವನ ಸೀರಿ. ಬಸರಿದ್ಲು, ಬ್ಯಾಡ ಅಂದ್ರೂ ಬುಟ್ಟಿ ಎತ್ತಿಕೊಟ್ಲು.”

ಪಕ್ಕದ ಮನೆಯ ಅನ್ನಪೂರ್ಣ ಬಾಗಿಲಲ್ಲಿ ನಿಂತಿದ್ದ ಬಾಲಪ್ಪನನ್ನು ನೋಡಿ, “ಇವನ ಅಂಗಿ ತುಂಡು ಎಲ್ಲೈತಬೇ?” ಎಂದಳು.

“ಆಂವಂದೆಲ್ಲಿ ಹರೀತವ್ವ? ಆಗ ಪ್ಯಾಟ್ಯಾಗ ಕುಂತಿದ್ದ!”

ಕೋಣೆಯೆಲ್ಲ ನಕ್ಕಿತು. ಆಮೇಲೆಯೇ ಮಾರೆವ್ವನಿಗೆ ತಾನು ಆಡಿದ್ದೇನೆಂದು ತಿಳಿದದ್ದು. ಆದರೂ ಮಾತನ್ನು ಹಿಂತೆಗೆಯಲಿಲ್ಲ. “ಹೌದಪಾ, ಖರೇನ ಐತಿ” ಎಂದು ಮಗನ ಕಡೆ ತಿರುಗಿದಳು. ಊರ ಮುಂದೆ ತಾಯಿಯೇ ಹೇಳಿದ ಮೇಲೆ ಬಾಲಪ್ಪ ಏನು ಮಾಡಿಯಾನು? ತಿಂಗಳೊಳಗೆ ಸಣ್ಣವ್ವನಿಗೆ ಪಾಲು ಕೊಡಲು ಒಪ್ಪಿ ಸಹಿ ಹಾಕಿದ.

ಮನೆಯ ಒಡೆತನ ತೋರಿಸುವ ಹೊಸ ಉತಾರ ಹಿಡಿದುಕೊಂಡು ಸಣ್ಣವ್ವ ಶೈಲಶ್ರೀಯೊಡನೆ ನಮ್ಮ ಮನೆಗೆ ಬಂದಿದ್ದಳು. “ನನ್ನ ಹೆಸರು ಎಲ್ಲೈತ್ರಿ ಸರ, ಓದ್ರಿ” ಎಂದಳು. ಓದಿದೆ. “ಇನ್ನೊಮ್ಮೆ ಓದ್ರಿ.” ಮತ್ತೆ ಓದಿದೆ. ತರಗತಿಯಲ್ಲಿ ಎಷ್ಟೋ ರಾಜರ ಹೆಸರುಗಳನ್ನು ಓದಿದ್ದೇನೆ. ಈ ಹೆಸರನ್ನು ಓದುವ ಭಾಗ್ಯ ತಂದುಕೊಟ್ಟದ್ದು ನನ್ನ ವಿದ್ಯಾರ್ಥಿನಿ.