ಮೊನೆಯಿಲ್ಲದ ಗಾಳ

ಮೀನು ತಿನ್ನದ ಮನೆಯಲ್ಲಿ ಹುಟ್ಟಿಯೂ ಮೀನು ಹಿಡಿಯುವ ಹುಚ್ಚು ಹತ್ತಿಸಿಕೊಂಡವನು ನಾನು. ಈ ವಯಸ್ಸಿನಲ್ಲಿ ಲಕ್ಷದ್ವೀಪಕ್ಕೆ ಹೊರಡುವ ಯೋಜನೆ ಹಾಕಿದ್ದೂ ಆ ಹುಚ್ಚಿನಿಂದಲೇ. ನಾನು ಡ್ರಿಲ್ ಮಾಸ್ಟರ್ ಆಗಿದ್ದಾಗಿನ ಒಬ್ಬ ವಿದ್ಯಾರ್ಥಿ ಅಲ್ಲಿ ಪ್ರವಾಸಿಗರನ್ನು ಮೀನು ಹಿಡಿಯಲು ಕರೆದೊಯ್ಯುವ ಕೆಲಸದಲ್ಲಿದ್ದಾನೆ. ನೀರು ಇಳಿದ ಹೊತ್ತಿನಲ್ಲಿ ದ್ವೀಪದ ಸುತ್ತ ಸಮುದ್ರ ಮೊಣಕಾಲುದ್ದವಿರುತ್ತದಂತೆ. ಬಿಳಿ ಮರಳಿನ ಮೇಲೆ ನಡೆಯುತ್ತ, ಕಣ್ಣಿಗೆ ಕಂಡ ಮೀನಿಗೇ ಗುರಿಯಿಟ್ಟು ಗಾಳ ಬೀಸಬಹುದಂತೆ. ಹುಳು ಸಿಕ್ಕಿಸುವಂತಿಲ್ಲ, ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಸುಳ್ಳು ಸೀಗಡಿಯೇ ಎರೆ. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕು. ಫೋನಿನಲ್ಲಿ ಅವನು ಇದನ್ನು ಹೇಳಿದಾಗ, ನನಗಾಗಿಯೇ ಮಾಡಿದ ನಿಯಮ ಅನ್ನಿಸಿತು.

ಒಬ್ಬನೇ ಹೋಗುವ ಮಾತೇ ಇರಲಿಲ್ಲ. ಹಿರಿಯೂರಿನಲ್ಲಿ ಟೈಲರ್ ಅಂಗಡಿ ಇಟ್ಟಿರುವ ನನ್ನ ಗೆಳೆಯ ಬರಬೇಕು. ನಾನು ಮಠದ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ಭಾನುವಾರ ಬಟ್ಟೆ ಒಗೆಯಲು ನಮ್ಮನ್ನು ವೇದಾವತಿ ನದಿಗೆ ಬಿಡುತ್ತಿದ್ದರು. ಅಲ್ಲೇ ಅವನು ಬಿದಿರು ಕೋಲು ಹಿಡಿದು ಕೂತಿರುತ್ತಿದ್ದ. ನಾನು ಬಟ್ಟೆಯನ್ನು ಬೇಗ ಕುಕ್ಕಿ ಕಲ್ಲಿನ ಮೇಲೆ ಹರವಿ ಅವನ ಪಕ್ಕ ಕೂರುತ್ತಿದ್ದೆ. ಗಾಳ ಇಬ್ಬರದು, ಮೀನು ಅವನ ಮನೆಗೆ. ಅವನ ಅಮ್ಮಿ ನನಗೆಂದು ಹುರಿದ ಶೇಂಗಾ, ಬೆಲ್ಲ ಬೇರೆ ತಟ್ಟೆಯಲ್ಲಿ ತೆಗೆದಿಟ್ಟಿರುತ್ತಿದ್ದರು. ಕೊಡುವ ಮುಂಚೆ ಒಂದು ಉಂಡೆ ಹುಣಸೆಹಣ್ಣು ಕೈಗಿಟ್ಟು, "ತಿಕ್ಕಿ ತೊಳ್ಕ ಮಗಾ, ವಿಭೂತಿ ಹಚ್ಚೋ ಕೈಯಾಗೆ ಮೀನ್ ವಾಸ್ನೆ ಬರಬಾರ್ದು" ಅನ್ನುತ್ತಿದ್ದರು. ಎಷ್ಟು ತಿಕ್ಕಿದರೂ ಸಂಜೆ ಪ್ರಾರ್ಥನೆಗೆ ಕೈ ಮುಗಿದಾಗ ಬೆರಳುಗಳ ನಡುವೆ ನದಿ ಸ್ವಲ್ಪ ಉಳಿದೇ ಇರುತ್ತಿತ್ತು.

ಲಕ್ಷದ್ವೀಪ ಅಂದಾಗ ಗೆಳೆಯ ಕುಣಿದಾಡಿದ. ವಿದ್ಯಾರ್ಥಿ ಕಳಿಸಿದ ಉದ್ದನೆಯ ಕೋಲನ್ನು ತಿರುಗಿಸಿ ಮುರುಗಿಸಿ ನೋಡಿದ. ಹುಂಜದ ಗರಿ, ಹೊಲಿದು ಉಳಿದ ಜರಿ ನೂಲು ತಂದು ಹೊಲಿಗೆ ಮೆಷಿನ್ನಿನ ಮುಂದೆಯೇ ಕೂತು ಸೀಗಡಿಗಳನ್ನು ಕಟ್ಟಿದ. ಬೆಳಿಗ್ಗೆ ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿನ ತೆಳ್ಳನೆಯ ಅಂಚಿನಲ್ಲಿ ಅಭ್ಯಾಸ ಶುರುವಾಯಿತು. ದಾರವನ್ನು ಹಿಂದಕ್ಕೆ ಬೀಸಬೇಕು, ಅದು ಪೂರ್ತಿ ಚಾಚುವ ತನಕ ಕಾಯಬೇಕು, ಆಮೇಲೆ ಮುಂದಕ್ಕೆ. ನಾನು ಪಕ್ಕದಲ್ಲಿ ನಿಂತು ಎಣಿಕೆ ಹೇಳುತ್ತಿದ್ದೆ.

"ಏನ್ ಡ್ರಿಲ್ ಮಾಸ್ಟ್ರೇ, ಮೀನುಗಳಿಗೂ ಲೆಫ್ಟ್ ರೈಟ್ ಹೇಳಿಕೊಡ್ತೀಯೇನು?"

"ನೀನು ಮೊದ್ಲು ಮೊಣಕೈ ನೆಟ್ಟಗಿಡು."

ಅಷ್ಟರಲ್ಲಿ ಒಂದು ಗೆಂಡೆ ಮೀನು ಅವನ ಗಾಳಕ್ಕೆ ಸಿಕ್ಕಿತು. ದಡಕ್ಕೆ ತಂದ. ಮೀನಿನ ತುಟಿ ಹರಿದು ರಕ್ತ ಬರುತ್ತಿತ್ತು.

"ಬಿಟ್ಬಿಡು," ಅಂದೆ.

"ಯಾಕೆ? ಸಾರಿಗೆ ಆಗ್ತೈತೆ."

"ಅಲ್ಲಿ ದ್ವೀಪದಲ್ಲಿ ಹಿಡಿದಿದ್ದನ್ನ ಬಿಡ್ಬೇಕು. ಅದೇ ಪದ್ಧತಿ."

ಅವನು ನನ್ನನ್ನೇ ನೋಡಿದ. ಬಿಡುವ ವಿಷಯ ನಾನು ಅವನಿಗೆ ಹೇಳಿರಲಿಲ್ಲ. ಹೇಳಬೇಕೆಂದು ತೋಚಿರಲೂ ಇಲ್ಲ. "ತಿನ್ನಾಕೆ ಹಿಡಿದ್ರೆ ಅದರ ಋಣ ಇರ್ತೈತೆ. ಬರೇ ಆಟಕ್ಕೆ ಜೀವದ ಬಾಯಿಗೆ ಕೊಕ್ಕೆ ಹಾಕೋದು ತಪ್ಪು ಅಂತಿದ್ಲು ಅಮ್ಮಿ. ನಾ ಬರಾಕಿಲ್ಲಪ್ಪ. ನೀ ಹೋಗ್ ಬಾ," ಅಂದ.

"ಕೊಲ್ಲೋದಕ್ಕಿಂತ ಬಿಡೋದು ಮೇಲಲ್ವೇನೋ?"

"ನಿನಗೆ ಮೇಲು. ಆ ಮೀನನ್ನ ಕೇಳು."

ಗೆಂಡೆಯನ್ನು ಅವನು ಮನೆಗೆ ಒಯ್ದ. ಕೋಲನ್ನು ನನ್ನ ಕೈಗೆ ಕೊಟ್ಟ.

ಮನೆಗೆ ಬಂದೆ. ಹೊರಡುವ ಸಿದ್ಧತೆ ಎಲ್ಲಾ ಮುಗಿದಿತ್ತು: ಉಪ್ಪುನೀರಿಗೆ ತಡೆಯುವ ಬೂಟು, ಬಿಸಿಲ ಟೊಪ್ಪಿ, ಮಾತ್ರೆಗಳ ಡಬ್ಬಿ, ಎಲ್ಲವೂ ಎರಡೆರಡು, ನನಗೊಂದು ಅವನಿಗೊಂದು. ನನ್ನ ಮನೆಯಲ್ಲಿ ಕೊಲ್ಲುವುದು ತಪ್ಪು, ಅವನ ಮನೆಯಲ್ಲಿ ತಿನ್ನದೆ ನೋಯಿಸುವುದು ತಪ್ಪು. ಹುಡುಗರಾಗಿದ್ದಾಗ ಈ ಎರಡೂ ಒಂದೇ ಗಾಳದಲ್ಲಿ ಹೇಗೆ ಜಗಳವಿಲ್ಲದೆ ಇದ್ದವು? ಮೀನು ಅಮ್ಮಿಯ ಕೈ ಸೇರುತ್ತಿತ್ತು, ನನ್ನ ಕೈಗೆ ಹುಣಸೆಹಣ್ಣು ಬರುತ್ತಿತ್ತು. ಈಗ ನಡುವೆ ಆ ಅಮ್ಮಿ ಇಲ್ಲ.

ಅವನಿಲ್ಲದೆ ಆ ಮರಳಿನ ಮೇಲೆ ನಿಂತು ಏನು ಮಾಡಲಿ? ನನಗೆ ಬೇಕಾಗಿದ್ದುದು ಸಮುದ್ರವಲ್ಲ, ಪಕ್ಕದಲ್ಲಿ ಅವನು ಕೂತಿದ್ದ ಭಾನುವಾರ.

ಇಕ್ಕಳ ತೆಗೆದುಕೊಂಡು ಅವನು ಕಟ್ಟಿದ ಸೀಗಡಿಯೊಂದರ ಕೊಕ್ಕೆಯ ಮೊನೆಯನ್ನು ಕತ್ತರಿಸಿದೆ. ಉಳಿದ ತುದಿಯನ್ನು ಮೊಂಡಾಗುವ ತನಕ ಅರದಿಂದ ಉಜ್ಜಿದೆ. ವಿದ್ಯಾರ್ಥಿಗೆ ಫೋನು ಮಾಡಿ, ಹೀಗೆ ಬೀಸಬಹುದೇ ಎಂದು ಕೇಳಿದೆ. "ಧಾರಾಳವಾಗಿ ಸರ್. ಆದ್ರೆ ಒಂದೂ ಮೀನು ನಿಲ್ಲಲ್ಲ," ಅಂದ.

ಮರುದಿನ ಅಂಗಡಿಗೆ ಹೋಗಿ ಅದನ್ನು ಗೆಳೆಯನ ಮುಂದಿಟ್ಟೆ. ಅವನು ಕನ್ನಡಕ ಏರಿಸಿ, ಬೆರಳಿನಿಂದ ಒತ್ತಿ ನೋಡಿದ. ಚುಚ್ಚಲಿಲ್ಲ.

"ಲೇ, ಇದು ಮೀನ್ ಹಿಡಿಯೋದೋ, ಮೀನಿಗೆ ಸಲಾಂ ಹೊಡೆಯೋದೋ?"

"ಬಾ, ನೋಡಾಣ."

ಹಿನ್ನೀರಿಗೆ ಹೋದೆವು. ಅವನೇ ಬೀಸಿದ. ಈ ಸಲ ನಾನು ಎಣಿಸಲಿಲ್ಲ. ಜರಿ ನೂಲು ನೀರಿನಲ್ಲಿ ಮಿನುಗುತ್ತ ಬರುವಾಗ ಹಿಂದಿನಿಂದ ಒಂದು ನೆರಳು ನುಗ್ಗಿತು. ಕೋಲು ಬಾಗಿತು.

"ಬಂತು! ಬಂತ್ಲೇ!" ಅಂತ ಅವನು ಹುಡುಗನ ಹಾಗೆ ಕೂಗಿದ. ದಾರ ತಕ್ಷಣ ಸಡಿಲವಾಯಿತು. "ಹೋತು," ಅಂದ. ನಗುತ್ತಲೇ ಇದ್ದ. ದಾರ ಸುತ್ತುತ್ತ ಕೇಳಿದ: "ಸಮುದ್ರದ ಮೀನು ಇದಕ್ಕಿಂತ ಜೋರಾಗಿ ಎಳೀತೈತಾ?"

"ಎಳೀತೈತಂತೆ."

"ಹಂಗಾರೆ ಹೋಗಾಣ. ಉಳಿದವುಕ್ಕೂ ಮೊನೆ ಕತ್ತರ್ಸು."

ಅವನ ಮನೆಯಲ್ಲಿ ಚಹಾ ಕುಡಿಯುವ ಮುಂಚೆ ಕೈ ತೊಳೆಯಲು ಹಿತ್ತಲಿಗೆ ಹೋದೆ. ಅವನು ಒಳಗಿನಿಂದ ಹುಣಸೆಹಣ್ಣು ತಂದು ನನ್ನ ಅಂಗೈಗಿಟ್ಟ. ಮೀನನ್ನು ಇಬ್ಬರೂ ಮುಟ್ಟಿಯೇ ಇರಲಿಲ್ಲ. ಆದರೂ ತಿಕ್ಕಿ ತೊಳೆದೆ.