ಟೀಚರಮ್ಮನ ಕರಿ ನಾಬ್

ಬೀದಿಯವರೆಲ್ಲ ಅವನನ್ನು ಅಸಲಿ ಮಾವ ಎಂದೇ ಕರೆಯುತ್ತಿದ್ದರು. ಹಳೆಯ ಎಲೆಕ್ಟ್ರಿಕ್ ಗಿಟಾರುಗಳನ್ನು ರಿಪೇರಿ ಮಾಡುವುದು ಅವನ ಕಸುಬು. ಅದನ್ನು ರಿಪೇರಿ ಅಂದರೆ ಮಾತ್ರ ಅವನಿಗೆ ಮೂಗಿನ ತುದಿಯಲ್ಲೇ ಕೋಪ. ಗಿಟಾರು ಹುಟ್ಟಿದ ವರ್ಷದ್ದೇ ಸ್ಕ್ರೂ, ಆ ಕಾಲದ್ದೇ ಬಣ್ಣ ಆಗಬೇಕು. ಹೊಸ ಬಣ್ಣ ಹಳೆಯದರಂತೆ ಬಿರುಕು ಬಿಡಲಿ ಎಂದು ಗಿಟಾರನ್ನು ಫ್ರಿಜ್ಜಿನಲ್ಲಿ ಮಲಗಿಸುತ್ತಿದ್ದ.

"ತರಕಾರಿ ಎಲ್ಲಿಡ್ಲಿ, ನಿಮ್ಮ ತಲೆ ಮೇಲಾ?" ಎಂದು ಹೆಂಡತಿ ರೇಗುತ್ತಿದ್ದಳು.

"ಟೊಮೆಟೊ ಕೆಟ್ರೆ ಇನ್ನೊಂದು ಸಿಗುತ್ತೆ ಕಣೇ!"

ಹೀಗಿರುವಾಗ ಸಂಗೀತದ ಟೀಚರಮ್ಮ ತಮ್ಮ ಕೆಂಪು ಗಿಟಾರು ತಂದರು. ಅವರ ಹಳೆಯ ಶಿಷ್ಯರೆಲ್ಲ ಸೇರಿ ನಾಲ್ಕು ತಿಂಗಳ ಮುಂದಕ್ಕೆ ಒಂದು ಕಛೇರಿ ಇಟ್ಟುಕೊಂಡಿದ್ದರು. "ಗೊರಗೊರ ಅನ್ನುತ್ತೆ, ಅದೊಂದು ನಿಲ್ಲಿಸಿಕೊಡಪ್ಪ. ನಾನು ವೇದಿಕೆ ಹತ್ತೋದು ಇದೇ ಕೊನೆ" ಎಂದರು.

ಗೊರಗೊರ ಅರ್ಧ ದಿನದಲ್ಲಿ ನಿಂತಿತು. ಆದರೆ ಅಸಲಿ ಮಾವನ ಕಣ್ಣು ನಾಬುಗಳ ಮೇಲೆ ಬಿತ್ತು. ಎರಡು ಕೆನೆಬಣ್ಣದವು, ವಾಲ್ಯೂಮಿನದು ಮಾತ್ರ ಅಂಚು ಮುರಿದ ಕರಿ ರೇಡಿಯೋ ನಾಬ್! ಅವನ ಮೈಯೆಲ್ಲ ಉರಿದುಹೋಯಿತು. ಕಿತ್ತು ಕಸದ ಬುಟ್ಟಿಗೆ ಎಸೆದ. ಆಮೇಲೆ ನಾಲ್ಕು ತಿಂಗಳು ಊರೂರಿಗೆ ಕಾಗದ ಬರೆದು, ಗುಜರಿಗಳನ್ನು ಜಾಲಾಡಿ, ಅದೇ ವರ್ಷದ ಕೆನೆಬಣ್ಣದ ನಾಬ್ ತರಿಸಿದ. ಹತ್ತಿಯಲ್ಲಿ ಸುತ್ತಿ ಬಂದ ಅದನ್ನು ಹೆಂಡತಿಗೆ ತೋರಿಸಿದ.

"ಇದಾ? ಹಳೇ ಬನಿಯನ್ ಬಣ್ಣದ್ದು?" ಎಂದು ಅವಳು ಅಡುಗೆಮನೆಗೆ ಹೋದಳು.

ಕಛೇರಿಯ ಹಿಂದಿನ ದಿನ ಟೀಚರಮ್ಮ ಬಂದು ಎರಡು ಸಾಲು ನುಡಿಸಿದರು. ಕಿರುಬೆರಳು ನಾಬಿನ ಮೇಲೆ ಹೋಗಿ ಅಲ್ಲೇ ನಿಂತಿತು.

"ನನ್ನ ಕರಿ ನಾಬ್ ಎಲ್ಲಪ್ಪ?"

"ಅದು ಅಸಲಿ ಅಲ್ಲ ಟೀಚರಮ್ಮ, ಯಾವುದೋ ರೇಡಿಯೋದ್ದು."

"ಯಾವುದೋ ಅಲ್ಲ, ನಮ್ಮನೇದು. ಮೊದಲನೇ ಸಲ ವೇದಿಕೆ ಹತ್ತೋ ಹೊತ್ತಿಗೆ ಇದರ ನಾಬ್ ಕಳೆದುಹೋಯ್ತು. ನಮ್ಮ ಯಜಮಾನ್ರು ಮನೆಗೆ ಓಡಿ ರೇಡಿಯೋದಿಂದ ಕಿತ್ತು ತಂದು ಹಾಕಿದ್ರು. ಆಮೇಲೆ ಸಾಯೋವರೆಗೂ ಇಕ್ಕಳದಲ್ಲಿ ತಿರುಗಿಸಿಕೊಂಡೇ ವಾರ್ತೆ ಕೇಳಿದ್ರು." ಅವರು ಗಿಟಾರನ್ನು ಮೇಜಿನ ಮೇಲಿಟ್ಟರು. "ಅದಿಲ್ಲದೆ ನಾನು ನುಡಿಸಲ್ಲ."

ಅಸಲಿ ಮಾವ ಅದನ್ನು ಎಸೆದು ನಾಲ್ಕು ತಿಂಗಳಾಗಿತ್ತು. ಆದರೂ ಬುಟ್ಟಿ ಬೋರಲು ಹಾಕಿದ, ಮೇಜಿನಡಿ ತೆವಳಿದ, ಜೇಡರ ಬಲೆಯನ್ನು ತಲೆಗೆ ಸುತ್ತಿಕೊಂಡು ಹೊರಬಂದ. ಎದುರಿಗೆ ಹೆಂಡತಿ, ಕೈಯಲ್ಲಿ ಹಬೆಯಾಡುವ ಪಾತ್ರೆಯ ಮುಚ್ಚಳ. ಅದರ ನೆತ್ತಿಯ ಮೇಲೆ ಕರಿ ನಾಬ್!

"ಹಿಡಿ ಮುರಿದಿದೆ ಅಂತ ಎರಡು ವರ್ಷದಿಂದ ಬಡ್ಕೊಂಡೆ. ನಿಮಗೆ ಪುರುಸೊತ್ತಿರಲಿಲ್ಲ. ಬುಟ್ಟಿಯಿಂದ ತೆಗೆದು ನಾನೇ ಸ್ಕ್ರೂ ಹಾಕ್ಕೊಂಡೆ."

ಉಫ್ ಉಫ್ ಎಂದು ಊದುತ್ತಲೇ ಬಿಚ್ಚಿ ಗಿಟಾರಿಗೆ ಹಾಕಿದ. ಟೀಚರಮ್ಮನ ಕಿರುಬೆರಳು ನೋಡದೆಯೇ ಆ ಮುರಿದ ಅಂಚನ್ನು ಹುಡುಕಿಕೊಂಡಿತು. ಸ್ವರ ಏರಿತು, ಮೆಲ್ಲಗೆ ಇಳಿಯಿತು. ಅವರ ಕಣ್ಣು ತುಂಬಿತು. ತಾನು ಎಂಥ ಕೆಲಸ ಮಾಡಿಬಿಡುತ್ತಿದ್ದೆ ಎಂದು ಅಸಲಿ ಮಾವನಿಗೆ ನಾಚಿಕೆಯಾಯಿತು.

ಅವರು ಹೋದ ಮೇಲೂ ಹೆಂಡತಿ ಮುಚ್ಚಳ ಹಿಡಿದು ನಿಂತೇ ಇದ್ದಳು. ಅವನು ಆ ಕೆನೆಬಣ್ಣದ ನಾಬನ್ನು ತಂದು ಅದಕ್ಕೆ ಬಿಗಿದ. ಅವಳು ತಿರುಗಿಸಿ ಮುರುಗಿಸಿ ನೋಡಿದಳು.

"ಇದು ನನ್ನ ಮುಚ್ಚಳದ ಅಸಲಿ ಹಿಡಿ ಅಲ್ವಲ್ರೀ?"

"ಕೈ ಸುಡಲ್ಲ ತಾನೇ? ಸಾಕು ಬಿಡೇ" ಎಂದ ಅಸಲಿ ಮಾವ.